ಯಾರೂ ಹಿಡಿಯದವ

ವಿಜಾಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜಿನ ಮೇಲಿನ ಬಾಡಿಗೆ ಖೋಲಿಯಲ್ಲಿ ಅಂದು ಬೆಳಿಗ್ಗೆ ಕಣ್ಣು ಬಿಟ್ಟಾಗಲೇ ಗೊಲ್ಲಾಳಪ್ಪನಿಗೆ ಎಲ್ಲರ ಮೇಲೂ ಸಿಟ್ಟಿತ್ತು. ಕೆಳಗೆ ಲಾರಿಯ ಗಾಲಿ ಬಿಚ್ಚುತ್ತಿದ್ದವನ ಸುತ್ತಿಗೆಯ ಮೇಲೆ, ನಲ್ಲಿಯಲ್ಲಿ ಬಾರದ ನೀರಿನ ಮೇಲೆ, ಗೋಡೆಯ ಮೊಳೆಗೆ ತೂಗುಬಿದ್ದ ಖಾಕಿ ಚಡ್ಡಿಯ ಮೇಲೆ. ಆ ಚಡ್ಡಿಯನ್ನು ನಿನ್ನೆ ಸಂಜೆ ತಾನೇ ಒಗೆದು ಹಾಕಿದ್ದ. ಒಗೆಯುವಾಗಲೂ ತಾನು ಆಡುವುದಿಲ್ಲವೆಂದೇ ಅಂದುಕೊಳ್ಳುತ್ತಿದ್ದ. ಆಡದವನಿಗೆ ಚಡ್ಡಿ ಯಾಕೆ ಬೇಕು? ಇಪ್ಪತ್ತೆಂಟು ದಾಟಿದ ಗಂಡಸು, ಅಭಿವೃದ್ಧಿ ಕಚೇರಿಯ ಗುಮಾಸ್ತ, ಸರಕಾರದ ಪಗಾರ ತಿನ್ನುವವ, ಹೋಗಿ ಹೋಗಿ ತನ್ನೂರು ತಿಕೋಟಾದ ಸಾಲೆಯ ಹಿಂದಿನ ಮಣ್ಣಿನಲ್ಲಿ ಹುಡುಗರ ಹಾಗೆ ಹುತುತು, ಅಂದರೆ ಕಬಡ್ಡಿ, ಆಡಬೇಕಂತೆ. ಹೇಳಿದವನಾದರೂ ಯಾರು? ಆ ಕರಿಯ, ಅಮೆರಿಕದ ಕರಿಯ. ಹಾಗಂದುಕೊಂಡ ಕೂಡಲೇ ಅವನಿಗೆ ತನ್ನ ಬಾಯಿಯೇ ಹೇಸಿಗೆಯಾಯಿತು. ಆ ಮಾತು ತನ್ನದಲ್ಲ, ಗೌಡರ ಮನೆಯ ಗುರಣ್ಣನದು. ಅಮೆರಿಕದ ಸಾಹೇಬ ಬರುತ್ತಾನೆಂದು ಹೂಮಾಲೆ ಹಿಡಿದು ನಿಂತಿದ್ದ ಗುರಣ್ಣ, ಜೀಪಿನಿಂದ ಒಡೆಲ್ ಇಳಿದದ್ದನ್ನು ನೋಡಿ, ಮಾಲೆಯನ್ನು ಎರಡೂ ಕೈಯಲ್ಲಿ ಹಾಗೇ ಎತ್ತಿ ಹಿಡಿದುಕೊಂಡು, "ಇವ ಕರಿಯ ಅದಾನಲ್ಲೋ" ಎಂದು ಪಕ್ಕದಲ್ಲಿದ್ದವನಿಗೆ ಪಿಸುಗುಟ್ಟಿದ್ದ. ಆ ಪಕ್ಕದಲ್ಲಿದ್ದವನು ಗೊಲ್ಲಾಳಪ್ಪನೇ. ಆಗ ನಕ್ಕಿದ್ದ. ಯಾಕೆ ನಕ್ಕೆ ಎಂದು ಇಂದಿಗೂ ಅವನಿಗೆ ತಿಳಿದಿಲ್ಲ. ಗುರಣ್ಣ ತನ್ನ ಕಿವಿಯಲ್ಲಿ ಗುಟ್ಟು ಹೇಳಿದ್ದು ಅದೇ ಮೊದಲಾದ್ದರಿಂದ ನಕ್ಕಿರಬೇಕು.

ತಿಕೋಟಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮಗ್ಗುಲಿಗೆ ಕೂತ ಮುದುಕ ಊರು ಯಾವುದು, ಯಾರ ಪೈಕಿ ಎಂದು ಕೇಳತೊಡಗಿದ. ಯಾರ ಪೈಕಿ ಎಂಬಲ್ಲಿಗೆ ಬಂದಾಗ ಗೊಲ್ಲಾಳಪ್ಪ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ. ಇದು ಅವನಿಗೆ ರೂಢಿಯಾಗಿ ಹೋಗಿತ್ತು. ವಿಜಾಪುರದ ಹೋಟೆಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಚಹ ಕುಡಿಯುವವ ತಿಕೋಟಾದ ಬಸ್ಸು ಹತ್ತಿದ ಕೂಡಲೇ ಮೊಣಕೈ ಒಳಗೆ ಎಳೆದುಕೊಂಡು ಮುದುಡುತ್ತಿದ್ದ. ಹೊರಗೆ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಅಲ್ಲಲ್ಲಿ ಹೊಲದ ಬದುವಿನಲ್ಲಿ ಎಳೆ ತೆನೆಯ ಸೀತನಿ ಸುಡುವ ಹೊಗೆ. ಬೇರೆ ದಿನವಾಗಿದ್ದರೆ ಆ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಇವತ್ತು ಊರಲಿಲ್ಲ. ಹೆದರಿಕೆಯೇ? ಹೆದರಿಕೆ ಯಾಕೆ? ಗೊಲ್ಲಾಳನನ್ನು ಯಾರೂ ಹಿಡಿದಿಲ್ಲ. ಹರಿಜನ ಬೋರ್ಡಿಂಗಿನ ಹುಡುಗರ ಹುತುತು ಟೀಮು ಜಿಲ್ಲೆಯಲ್ಲೆಲ್ಲ ಆಡಿದ ಆ ವರ್ಷಗಳಲ್ಲಿ ಒಬ್ಬನೇ ಒಬ್ಬ ಎದುರಾಳಿ ಅವನನ್ನು ಹಿಡಿದು ನಿಲ್ಲಿಸಿದ್ದಿಲ್ಲ. ಉಸಿರು ಕಟ್ಟಿ ಒಳಗೆ ನುಗ್ಗಿದನೆಂದರೆ ಇಬ್ಬರನ್ನೋ ಮೂವರನ್ನೋ ಮುಟ್ಟಿ, ಗೆರೆ ದಾಟಿ, ಹೊರಗೆ ಬಂದು ನಿಂತಾಗಲೂ ಅವನ ಬಾಯಲ್ಲಿ ಹುತುತು ನಡೆದೇ ಇರುತ್ತಿತ್ತು. ಅವ್ವ ಇದನ್ನು ಕೇರಿಯಲ್ಲಿ ಹೇಳಿಕೊಂಡು ತಿರುಗಿದಳು. ಬೋರ್ಡಿಂಗಿನ ಸೂಪರಿಂಟೆಂಡೆಂಟರು ನೌಕರಿಗೆ ಶಿಫಾರಸು ಮಾಡುವಾಗಲೂ ಇದನ್ನೇ ಹೇಳಿದರು. ಇಡೀ ಬಾಳಿನಲ್ಲಿ ಅವನದು ಅನ್ನುವಂಥದ್ದು ಇದೊಂದೇ ಇತ್ತು.

ಇದೊಂದಾದರೂ ತನ್ನದು ಹೌದೇ? ಬೋರ್ಡಿಂಗಿನ ಆ ದಿನಗಳಲ್ಲಿ ಒಮ್ಮೆ ಬಬಲೇಶ್ವರದಲ್ಲಿ ಆಟ ನಡೆದಿತ್ತು. ಎದುರಿಗೆ ಸಾರವಾಡದ ಹುಡುಗರು. ಸರಕಾರದ ಆರ್ಡರ್ ಬಂದಿದೆ, ಬೋರ್ಡಿಂಗಿನವರ ಜೊತೆ ಆಡಲೇಬೇಕೆಂದು ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಗೊಲ್ಲಾಳ ಒಳಗೆ ನುಗ್ಗಿ ಒಬ್ಬನನ್ನು ಮುಟ್ಟಿ ಹಿಂದಕ್ಕೆ ತಿರುಗುವಾಗ ಕಾಲು ಜಾರಿ ಅಂಗಾತ ಬಿದ್ದ. ಗೆರೆ ದೂರವಿತ್ತು. ಸಾರವಾಡದ ಒಬ್ಬ ತೆಳ್ಳಗಿನ ಹುಡುಗ ಪಕ್ಕದಲ್ಲೇ ಇದ್ದ. ಹುಡುಗ ಬಗ್ಗಿದ, ಕೈ ಚಾಚಿದ. ಬೆರಳು ಅವನ ಹಿಮ್ಮಡಿಗೆ ಇನ್ನೇನು ಸೋಕಬೇಕು. ಆ ಬೆರಳು ಅಲ್ಲೇ ನಿಂತವು. ನಿಂತು, ಮೆಲ್ಲಗೆ ಮಡಚಿಕೊಂಡವು. ಗೊಲ್ಲಾಳ ಎದ್ದು, ಕುಂಟುತ್ತ ನಡೆದೇ ಗೆರೆ ದಾಟಿದ. ಬೋರ್ಡಿಂಗಿನ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೆಗಲ ಮೇಲಿಂದ ಅವನು ನೋಡಿದ್ದು ಒಂದೇ. ತಾನು ಮುಟ್ಟಿ ಔಟ್ ಮಾಡಿದವರೆಲ್ಲ ಗುಂಪು ಕಟ್ಟಿಕೊಂಡು ಬಾವಿಯ ಕಡೆಗೆ ಹೋಗುತ್ತಿದ್ದರು. ಬೋರ್ಡಿಂಗಿನ ಅಂಗಳದಲ್ಲಿ ಅಭ್ಯಾಸ ಮಾಡುವಾಗ ಅವನನ್ನು ಹಿಡಿದವರಿದ್ದರು. ಅಭ್ಯಾಸ ಅಂದರೆ ಅಭ್ಯಾಸ, ಅದಕ್ಕೇನು ಬೆಲೆ ಎಂದು ಆಗ ತಳ್ಳಿಹಾಕಿದ್ದ. ಆಮೇಲೆ ವರ್ಷಗಟ್ಟಲೆ ಅದೇ ಒಳಗೊಳಗೆ ಕೊರೆಯಿತು. ಹೊರಗಿನವರು ಹಿಡಿಯಲಿಲ್ಲವೋ, ಹಿಡಿಯಲಾರದೆ ಹೋದರೋ? ತಾನು ಆಟಗಾರನೋ, ಬರೀ ಮೈಲಿಗೆಯೋ? ಈ ಪ್ರಶ್ನೆಯನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಆಡಿರಲಿಲ್ಲ.

ಇಷ್ಟಾದರೂ ಆ ಒಡೆಲ್ ಎಂಬವನು ಬರದಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಕೋಳಿ ಸಾಕುವುದನ್ನು ಹಳ್ಳಿಗರಿಗೆ ಕಲಿಸಲು ಅಮೆರಿಕದಿಂದ ಬಂದ ಸ್ವಯಂಸೇವಕ. ತಿಕೋಟಾದ ದೊಡ್ಡ ಮನೆಗಳಲ್ಲಿ ಕೋಳಿಯ ಹೆಸರೆತ್ತುವ ಹಾಗಿಲ್ಲ, ಹೀಗಾಗಿ ಅವನ ಕೆಲಸವೆಲ್ಲ ಕೇರಿಯಲ್ಲಿ ಮತ್ತು ಮುಸಲ್ಮಾನರ ಓಣಿಯಲ್ಲಿ. ಆದರೆ ಸರಕಾರದ ಅತಿಥಿ, ಆದ್ದರಿಂದ ಊಟ ವಸತಿ ಗೌಡರ ಮನೆಯಲ್ಲಿ. ಇಂಗ್ಲಿಷ್ ಬರುತ್ತದೆಂದು ಗೊಲ್ಲಾಳಪ್ಪನನ್ನು ದುಭಾಷಿಯಾಗಿ ವಾರಕ್ಕೆ ಎರಡು ಸಲ ಕಳಿಸುತ್ತಿದ್ದರು. ಮೊದಲ ದಿನವೇ ಗುರಣ್ಣನ ತಾಯಿ ರಾಚವ್ವ ಬಾಗಿಲ ಮರೆಯಿಂದ ಕೇಳಿದ್ದಳು.

"ಇಂವ ಯಾವ ಜಾತಿಯಾಂವ ಕೇಳಪಾ ಒಂದೀಟು."

ಗೊಲ್ಲಾಳಪ್ಪ ಕೇಳಿದ. ಒಡೆಲ್ ಹಲ್ಲು ತೋರಿಸಿ ನಕ್ಕು, "ನಿನ್ನದು ಯಾವುದೋ ನನ್ನದೂ ಅದೇ ಅಂತ ಹೇಳು" ಎಂದ. ಹೊಸ್ತಿಲಾಚೆ ರಾಚವ್ವ ಕಾಯುತ್ತಿದ್ದಳು. ಪಡಸಾಲೆಯಲ್ಲಿ ಹಿತ್ತಾಳೆಯ ತಾಟು ಬಡಿಸಿಯಾಗಿತ್ತು.

"ಕಿರಿಸ್ತಾನರಂತ್ರೀ" ಎಂದ ಗೊಲ್ಲಾಳಪ್ಪ.

"ಹೋಗ್ಲಿ ಬಿಡು, ಇಂಗ್ರೇಜಿಯವರೂ ಅದೇ ಇದ್ರು" ಎಂದು ರಾಚವ್ವ ಸಮಾಧಾನಪಟ್ಟುಕೊಂಡಳು.

ಒಡೆಲ್ ಒಳಗೆ ಊಟಕ್ಕೆ ಕೂತ. ಗೊಲ್ಲಾಳಪ್ಪ ಹೊರಗೆ ಕಟ್ಟೆಯ ಕೆಳಗೆ, ಎತ್ತಿನ ಗೋದಲಿಯ ಪಕ್ಕ ನಿಂತ. ನೀನು ಒಳಗೆ ಯಾಕೆ ಬರುವುದಿಲ್ಲ ಎಂದು ಒಡೆಲ್ ಕೇಳಿದ್ದಕ್ಕೆ, ನನಗೆ ಗಾಳಿ ಬೇಕು ಎಂದ. ಮುಂದೆ ಪ್ರತಿ ಸಲವೂ ಗಾಳಿಯೇ ಬೇಕಾಯಿತು. ಇಲ್ಲಿ ಮುಟ್ಟುವುದು ಮುಟ್ಟದಿರುವುದು ಎಂಬುದಿದೆಯಂತೆ, ನಾನು ಓದಿದ್ದೇನೆ ಎಂದು ಆ ಮನುಷ್ಯ ಒಂದು ದಿನ ನೇರವಾಗಿಯೇ ಕೇಳಿದ. ಗೊಲ್ಲಾಳಪ್ಪ ಟೈ ಕಟ್ಟಿದ ಪ್ರೊಫೆಸರನ ದನಿಯಲ್ಲಿ, ಅದೆಲ್ಲ ಹಿಂದಿನ ಕಾಲ, ಈಗ ಕಾಯದೆ ಬಂದಿದೆ ಎಂದ. ಹೇಳುವಾಗ ಕಿವಿ ಸುಟ್ಟವು. ಇವನ ಮುಂದೆ ಸಣ್ಣವನಾಗಲು ಅವನಿಗೆ ಇಷ್ಟವಿರಲಿಲ್ಲ. ತನ್ನ ಹಾಗೆಯೇ ಇರುವ ಒಬ್ಬನ ಮುಂದೆ ಸಣ್ಣವನಾಗುವುದು ದೊಡ್ಡವರ ಮುಂದೆ ಆಗುವುದಕ್ಕಿಂತ ಕಷ್ಟ.

ಒಡೆಲ್ ಆಟಗಾರನಾಗಿದ್ದ. ಕೇರಿಯಲ್ಲಿ ಗೊಲ್ಲಾಳಪ್ಪನ ಅವ್ವ ಹೊಳೆವ್ವನ ಗುಡಿಸಲ ಮುಂದೆ, ತಾನೇ ಕಟ್ಟಿಕೊಟ್ಟ ಕೋಳಿಗೂಡಿಗೆ ಬೆನ್ನು ಹಚ್ಚಿ ಕೂತು ಅವನು ಆ ಕಥೆ ಬಿಚ್ಚುತ್ತಿದ್ದ. ಅವರ ಫುಟ್‌ಬಾಲಿನಲ್ಲಿ ಕಾಲಿನ ಕೆಲಸ ಕಡಿಮೆ. ಕೋಳಿಮೊಟ್ಟೆಯ ಆಕಾರದ ಚೆಂಡನ್ನು ಬಗಲಲ್ಲಿ ಇರುಕಿಕೊಂಡು ಓಡಬೇಕು, ಎದುರಿನವರು ಮೈಮೇಲೆ ಬಿದ್ದು ಹಿಡಿದು ನೆಲಕ್ಕೆ ಕೆಡವಬೇಕು. ಬಿಳಿಯರ ಕಾಲೇಜುಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಅವರಿಗೆಂದೇ ಬೇರೆ ಕಾಲೇಜು, ಬೇರೆ ಮೈದಾನ, ಬೇರೆ ಪತ್ರಿಕೆ. ಒಂದು ಕರಿಯರ ಕಾಲೇಜು ಇನ್ನೊಂದು ಕರಿಯರ ಕಾಲೇಜಿನ ಜೊತೆ ಆಡಬೇಕು, ಅಷ್ಟೇ. ಆಡಲು ಹೋಗುವಾಗ ದಾರಿಯಲ್ಲಿ ಯಾವ ಹೋಟೆಲೂ ಊಟ ಹಾಕುತ್ತಿರಲಿಲ್ಲವಾದ್ದರಿಂದ ಕರಿದ ಕೋಳಿಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರಂತೆ, ಬಸ್ಸಿನಲ್ಲೇ ಮಲಗುತ್ತಿದ್ದರಂತೆ. ಅಲ್ಲಿ ಎಂಥೆಂಥ ಮಹಾ ಆಟಗಾರರಿದ್ದರೆಂದು ಅವನು ಹೆಸರು ಹಿಡಿದು ಹೇಳತೊಡಗಿದರೆ ಮುಗಿಯುತ್ತಿರಲಿಲ್ಲ. ಲೀರಾಯ್ ಎಂಬೊಬ್ಬನಿದ್ದ, ಮೈದಾನದ ಈ ತುದಿಯಿಂದ ಆ ತುದಿಗೆ ಚೆಂಡು ಎಸೆದು ಓಡುವವನ ಎದೆಗೇ ಮುಟ್ಟಿಸುತ್ತಿದ್ದ. ದೊಡ್ಡ ಪಗಾರದ ಟೀಮಿನವರು ಕರೆದುಕೊಂಡು ಹೋದರು. ಆದರೆ ಚೆಂಡು ಎಸೆಯುವವನೆಂದರೆ ಟೀಮಿನ ತಲೆಯಿದ್ದ ಹಾಗೆ, ಕರಿಯನಿಗೆ ತಲೆ ಎಲ್ಲಿಂದ ಬಂತು ಎಂದು ಅವನನ್ನು ಬರೀ ಓಡಲು ಹಚ್ಚಿದರು. ಲೀರಾಯ್ ಒಂದು ವರ್ಷ ಓಡಿ ಬಿಟ್ಟುಬಂದ. ಈಗ ಎಲ್ಲೋ ಟಪಾಲು ಹಂಚುತ್ತಾನೆ. ಒಡೆಲ್ ಇದನ್ನು ಹೇಳುವಾಗ ಗೊಲ್ಲಾಳಪ್ಪ ಕನ್ನಡಕ್ಕೆ ತಿರುಗಿಸಲಿಲ್ಲ. ಕೇರಿಯ ಜನ ಕಾದು ಕೂತಿದ್ದರು. ಅವರಿಗೆ, "ಕೋಳಿ ಹುಳ ತಿಂದ್ರ ಛಲೋ ಅಂತಾನ" ಎಂದುಬಿಟ್ಟ.

ಆಮೇಲೆ ಒಡೆಲ್ ತನ್ನದನ್ನು ಹೇಳಿದ. ನಾಲ್ಕು ವರ್ಷ ಕಾಲೇಜಿನಲ್ಲಿ ಅವನ ಸಮ ಓಡುವವರಿರಲಿಲ್ಲ. ನಮ್ಮ ಪತ್ರಿಕೆಗಳು ಬರೆದವು, ಅವರ ಪತ್ರಿಕೆಗಳಲ್ಲಿ ಒಂದು ಸಾಲೂ ಇಲ್ಲ. ಅಷ್ಟೂ ವರ್ಷ ರಾತ್ರಿ ಮಲಗಿದಾಗ ಒಂದೇ ಯೋಚನೆ ಎಂದ. ನಾನು ನಿಜವಾಗಿ ದೊಡ್ಡವನೋ, ಅಥವಾ ನಮ್ಮ ನಮ್ಮಲ್ಲೇ ದೊಡ್ಡವನೋ? ಅವರ ಜೊತೆ ಆಡದೆ ಹೇಗೆ ತಿಳಿಯಬೇಕು? ಗೊಲ್ಲಾಳಪ್ಪ ಚಹದ ಬಟ್ಟಲು ಕೆಳಗಿಟ್ಟ. ತನ್ನ ಎದೆಯೊಳಗೆ ಕೈಹಾಕಿ ಯಾರೋ ತೆಗೆದು ಹೊರಗಿಟ್ಟ ಹಾಗಾಯಿತು. ಮುಂದೆ ಏನಾಯಿತೆಂದು ಕೇಳಿದ, ದನಿ ತನ್ನದೆನ್ನಿಸಲಿಲ್ಲ. ಮುಂದೆ ದೊಡ್ಡ ಟೀಮಿನವರು ಪರೀಕ್ಷೆಗೆ ಕರೆದರು. ಮೊದಲ ದಿನವೇ ಎತ್ತಿನಂಥ ಒಬ್ಬ ಬಿಳಿಯ ಬಂದು ಗುಮ್ಮಿ, ಸೊಂಟ ಹಿಡಿದು ಎತ್ತಿ ನೆಲಕ್ಕೆ ಬಡಿದ. ಉಸಿರೇ ನಿಂತಿತು. ಅಂಗಾತ ಬಿದ್ದವನು ಆಕಾಶ ನೋಡುತ್ತ ನಗತೊಡಗಿದೆ, ಯಾಕೆಂದರೆ ಅವನೂ ಒಬ್ಬ ಮನುಷ್ಯ, ಅಷ್ಟೇ, ಎಂದ ಒಡೆಲ್. ಮರುಸಲ ಅವನನ್ನು ದಾಟಿ ಓಡಿದೆ. ಎಲ್ಲರನ್ನೂ ದಾಟಿ ಓಡಿದೆ. ಎರಡು ತಿಂಗಳಿಗೆ ಮೊಣಕಾಲು ಮುರಿಯಿತು, ಆಟ ಮುಗಿಯಿತು. ಆದರೆ ತಿಳಿದುಹೋಯಿತಲ್ಲ, ಎಂದು ಹೇಳಿ ಅವನು ಹೊಳೆವ್ವನ ಹುಂಜವನ್ನು ತೊಡೆಯ ಮೇಲೆ ಎತ್ತಿಕೊಂಡ.

ತಿಳಿದುಹೋಯಿತಲ್ಲ. ಆ ಒಂದು ಮಾತಿಗಾಗಿ ಗೊಲ್ಲಾಳಪ್ಪ ಅವನನ್ನು ದ್ವೇಷಿಸಿದ. ಗುರಣ್ಣನನ್ನಾಗಲಿ ಗೌಡರನ್ನಾಗಲಿ ಅಷ್ಟು ನಿಚ್ಚಳವಾಗಿ ದ್ವೇಷಿಸಿದ್ದಿಲ್ಲ. ಅವರು ಇರುವುದೇ ಹಾಗೆ, ಗಾಳಿ ಬಿಸಿಲಿನ ಹಾಗೆ. ಇವನು ತನ್ನ ಪೈಕಿಯವನಾಗಿದ್ದೂ ತನಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅಲ್ಲಿಂದ ತಿರುಗಿ, ಬಾ ಎಂದು ಕರೆಯುತ್ತಾನೆ. ಅಷ್ಟರಲ್ಲಿ ಅವ್ವ ಬಾಯಿ ಹಾಕಿದಳು. ಭಾಷೆ ತಿಳಿಯದಿದ್ದರೂ ಆಟದ ಮಾತೆಂದು ಅವಳಿಗೆ ಗೊತ್ತಾಗಿತ್ತು.

"ನನ ಮಗನೂ ಆಡಾಂವನ ಐದಾನ. ಇವನ್ನ ಯಾರೂ ಹಿಡದಿಲ್ಲ ನೋಡ ಯಪ್ಪಾ, ಒಬ್ಬರೂ ಹಿಡದಿಲ್ಲ!"

ಹೊಳೆವ್ವ ತನ್ನ ಎರಡೂ ತೋಳುಗಳಿಂದ ಗಾಳಿಯನ್ನು ತಬ್ಬಿ, ಬಿಡಿಸಿಕೊಂಡು, ಚಪ್ಪಾಳೆ ತಟ್ಟಿ ತೋರಿಸಿದಳು. ಒಡೆಲ್‌ಗೆ ಅಷ್ಟು ಸಾಕಾಯಿತು. ಅವನಿಗೆ ಕೇರಿಯ ಕನ್ನಡ ಅರೆಬರೆ ಹತ್ತಿತ್ತು. ಮರುವಾರವೇ ಗುರಣ್ಣನ ಹತ್ತಿರ ಹೋಗಿ, ಊರ ಟೀಮಿಗೂ ಕೇರಿಯ ಟೀಮಿಗೂ ಹುತುತು ಆಗಬೇಕು ಎಂದ. ಸಾಹೇಬರು ನಮ್ಮ ಕಡೆ ಆಡುವುದಾದರೆ ಆಗಲಿ ಎಂದು ಗುರಣ್ಣ ಒಪ್ಪಿಕೊಂಡ. ಒಪ್ಪದೆ ವಿಧಿಯೂ ಇರಲಿಲ್ಲ, ಬ್ಲಾಕಿನ ದೊಡ್ಡ ಅಧಿಕಾರಿಗಳು ಜೀಪಿನಲ್ಲಿ ಬಂದು ನೋಡುತ್ತೇವೆಂದು ಹೇಳಿ ಕಳಿಸಿದ್ದರು. ನೀನು ಅವರ ಕಡೆ ಯಾಕೆ ಸೇರಿದೆ ಎಂದು ಗೊಲ್ಲಾಳಪ್ಪ ಕೇಳಿದಾಗ ಒಡೆಲ್ ಕಣ್ಣು ಮಿಟುಕಿಸಿ, "ಯಾರೂ ಹಿಡಿಯದವನನ್ನು ನಾನು ಹಿಡಿದು ನೋಡಬೇಕು" ಎಂದ. ಪ್ರೀತಿಯಿಂದಲೇ ಅಂದಿದ್ದ. ಗೊಲ್ಲಾಳಪ್ಪನಿಗೆ ಅದು ಇನ್ನಷ್ಟು ಉರಿಯಿತು.

ಗೊಲ್ಲಾಳಪ್ಪ ಬಸ್ಸಿಳಿದು ಬಂದಾಗ ಸಾಲೆಯ ಹಿಂದಿನ ಬಯಲಿನಲ್ಲಿ ಸುಣ್ಣದ ಗೆರೆ ಹಾಕಿದ್ದರು. ಒಂದು ಕಡೆ ಊರಿನವರು, ಇನ್ನೊಂದು ಕಡೆ, ಗಾಳಿಗೆ ಎದುರಾಗಿ, ಕೇರಿಯವರು. ದೂರದ ಮಾಳಿಗೆಯ ಮೇಲೆ ದೊಡ್ಡ ಮನೆಯ ಹೆಂಗಸರು, ನಡುವೆ ರಾಚವ್ವ. ಔಟ್ ಆದವರು ಕೂತುಕೊಳ್ಳಲೆಂದು ಬೇವಿನ ಮರದ ಕೆಳಗೆ ಸಾಲೆಯ ಒಂದು ಜಮಖಾನೆ ಹಾಸಿದ್ದರು. ಎರಡೂ ಕಡೆಗೆ ಸೇರಿ ಒಂದೇ. ಅದನ್ನು ಹಾಸಿದವರು ಡ್ರಿಲ್ ಮಾಸ್ತರ ಅಬ್ದುಲಗನಿ. ಸೀಟಿ ಕೊರಳಿಗೆ ಕಟ್ಟಿಕೊಂಡು ಅವರೇ ತೀರ್ಪು ಕೊಡುವ ಪಂಚರಾಗಿದ್ದರು. ಗೊಲ್ಲಾಳಪ್ಪ ಸಣ್ಣವನಿದ್ದಾಗ ಅವನಿಗೆ ಉಸಿರು ಕಟ್ಟುವುದನ್ನು ಕಲಿಸಿದವರು.

"ಚಡ್ಡಿ ತಂದೀದಿ ಹೌದಿಲ್ಲೋ?"

"ತಂದೀನ್ರೀ. ಆದ್ರ ಆಡೂದಿಲ್ರೀ ಸರ್. ವಯಸ್ಸಾತು."

ಅಬ್ದುಲಗನಿ ಅವನ ಮುಖ ನೋಡಿದರು. "ವಯಸ್ಸು ನನಗ ಆಗೇತಿ. ನೀ ಅಂಜೀದಿ. ಹೋಗು, ಹಾಕ್ಕೊಂಡು ಬಾ."

ಸಾಲೆಯ ಗೋಡೆಯ ಮರೆಯಲ್ಲಿ ಪ್ಯಾಂಟು ಬಿಚ್ಚುವಾಗ ಆಚೆ ಕಡೆಯಿಂದ ಗುರಣ್ಣನ ದನಿ ಕೇಳಿಸಿತು. ತನ್ನವರಿಗೆ ಹೇಳುತ್ತಿದ್ದ. "ಕಾಲ ತುದೀಲೆ ಮುಟ್ಟರಿ, ಕೈ ಹಚ್ಚಬ್ಯಾಡ್ರಿ. ಬಂದ್ರ ಸರದು ನಿಲ್ರಿ. ಸಾಹೇಬ ಬೇಕಾದ್ರ ಹಿಡೀಲಿ. ಜೀಪ ಹೋಗೂತನಕ ಒಂದೀಟು ಸಂಬಾಳಿಸ್ರಿ ಅಷ್ಟ." ಅವನ ದನಿಯಲ್ಲಿ ಹಗೆಯಿರಲಿಲ್ಲ. ಕೆಸರಿರುವ ದಾರಿಯಲ್ಲಿ ಧೋತರ ಎತ್ತಿ ನಡೆಯಿರಿ ಅನ್ನುವ ದನಿ. ಗೊಲ್ಲಾಳಪ್ಪ ಗುಂಡಿ ಹಾಕಿಕೊಂಡ. ವಾಪಸು ಬಸ್ಸು ಹಿಡಿಯಬಹುದಿತ್ತು. ಆದರೆ ಅವನ ಕಾಲು ಆಗಲೇ ಬಯಲಿನ ಕಡೆ ಹೊರಟಿದ್ದವು, ಆ ಕಾಲುಗಳ ಮೇಲೂ ಅವನಿಗೆ ಸಿಟ್ಟು ಬಂತು.

ಆಟ ಶುರುವಾಯಿತು. ಮೊದಲು ಗುರಣ್ಣ ಬಂದ, ಹುತುತು ಅನ್ನುತ್ತ ಕಾಲಿನ ತುದಿಯಿಂದ ಕೇರಿಯ ಇಬ್ಬರನ್ನು ತಾಗಿಸಿ ಆರಾಮಾಗಿ ತಿರುಗಿ ಹೋದ. ಹಿಡಿಯಬಹುದಾಗಿದ್ದ ಕೇರಿಯ ಹುಡುಗರು ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಮನೆಯಲ್ಲಿ ಹಿರಿಯರು ಬುದ್ಧಿ ಹೇಳಿ ಕಳಿಸಿದ್ದರೆಂದು ಕಾಣುತ್ತದೆ. ಔಟಾದ ಇಬ್ಬರು ಜಮಖಾನೆ ಕಂಡೂ ಕಾಣದವರ ಹಾಗೆ ನೆಲದ ಮೇಲೆ ಕೂತರು. ಜೀಪಿನ ಪಕ್ಕ ಕುರ್ಚಿಯಲ್ಲಿದ್ದ ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಕೇರಿಯ ಒಬ್ಬ ಹೋಗಿ ಯಾರನ್ನೂ ಮುಟ್ಟದೆ ತಿರುಗಿ ಬಂದ ಮೇಲೆ ಒಡೆಲ್ ನುಗ್ಗಿದ. ಅವನ ಮೇಲೆ ಕೇರಿಯ ಇಬ್ಬರು ಒಟ್ಟಾಗಿ ಬಿದ್ದು ಮಣ್ಣಿನಲ್ಲಿ ಹೊರಳಾಡಿದರು, ಅವನೂ ನಗುತ್ತ ಆ ಇಬ್ಬರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಗೆರೆ ದಾಟಿದ. ಎರಡೂ ಕಡೆಯ ಜನ ನಕ್ಕರು. ಇದು ಆಟ, ಇದೇ ಆಟ, ಅಂದುಕೊಂಡ ಗೊಲ್ಲಾಳಪ್ಪ. ಒಬ್ಬರ ಬೆವರು ಒಬ್ಬರಿಗೆ ಹತ್ತದೆ ಆಡುವುದು ಎಂಥ ಆಟ? ಅಬ್ದುಲಗನಿಯವರ ಸೀಟಿ ಅವನ ಕಡೆ ತಿರುಗಿತು.

ಉಸಿರು ಎಳೆದು ಗೆರೆ ದಾಟಿದ ಕೂಡಲೇ ಮೈ ಹಳೆಯದನ್ನೆಲ್ಲ ನೆನಪಿಸಿಕೊಂಡಿತು. ಕಾಲ್ಬೆರಳು ನೆಲ ಕಚ್ಚಿದವು. ಬಾಯಿಯಲ್ಲಿ ಹುತುತು ತಾನಾಗಿ ಹರಿಯಿತು. ಎದುರಿನವರು ಸರಿದರು. ಅವನು ಎಡಕ್ಕೆ ಹೋದರೆ ಅವರು ಬಲಕ್ಕೆ, ಬಲಕ್ಕೆ ಹೋದರೆ ಎಡಕ್ಕೆ, ಕೈಗಳನ್ನು ಬಗಲಲ್ಲಿ ಸಿಕ್ಕಿಸಿಕೊಂಡು. ನೋಡುವವರಿಗೆ ಅದು ಭಯದ ಹಾಗೆ ಕಾಣುತ್ತಿತ್ತು. ಕೇರಿಯ ಕಡೆಯಿಂದ ಹೊಳೆವ್ವ ಕೂಗಿದಳು, "ನೋಡ್ರಿ, ಹ್ಯಾಂಗ ಅಂಜತಾರ ನನ ಮಗಗ!" ಅವಳ ಬಾಯಿ ಮುಚ್ಚಿಸಬೇಕೆನ್ನಿಸಿತು. ಅಷ್ಟರಲ್ಲಿ ಸರಿಯಬೇಕೆಂಬುದು ಗೊತ್ತಿಲ್ಲದ ಒಬ್ಬನು ಬಗ್ಗಿ, ಭೂಮಿಗೆ ಸಮನಾಗಿ ಹಾರಿ ಬಂದ. ಸೊಂಟಕ್ಕೆ ಭುಜ ಗುದ್ದಿತು. ಎರಡು ತೋಳು ಬೆನ್ನ ಹಿಂದೆ ಹೆಣೆದುಕೊಂಡವು.

ಹಿಡಿದಿದ್ದ. ಒಡೆಲ್ ಅವನನ್ನು ಹಿಡಿದಿದ್ದ. ಪಕ್ಕೆಲುಬು ಮುರಿಯುವ ಹಾಗೆ, ಇನ್ನೊಬ್ಬ ಗಂಡಸಿನ ಎದೆಬಡಿತ ಹೊಟ್ಟೆಗೆ ಕೇಳಿಸುವ ಹಾಗೆ. ಗೊಲ್ಲಾಳಪ್ಪನಿಗೆ ಅಳು ಬರುವಷ್ಟು ಸಂತೋಷವಾಯಿತು. ಹುತುತು ಹುತುತು ಎನ್ನುತ್ತಲೇ ಅವನು ಸೊಂಟ ತಿರುವಿದ, ಬೋರ್ಡಿಂಗಿನ ಅಂಗಳದಲ್ಲಿ ಕಲಿತ ಆ ತಿರುವು, ಎಂದೂ ಬೇಕಾಗಿರದ ತಿರುವು. ಹಿಡಿತ ಜಾರಿತು, ಮತ್ತೆ ತೊಡೆಗೆ ಬಂದು ಬಿಗಿಯಿತು. ಇಬ್ಬರೂ ಉರುಳಿದರು. ಒಂದು ಕಾಲು ಬಿಡಿಸಿಕೊಂಡ. ಗೆರೆ ಒಂದು ಮೊಳ ದೂರವಿತ್ತು. ಇನ್ನೊಂದು ಕಾಲನ್ನು ಎಳೆಯುತ್ತಿದ್ದ, ಬರುತ್ತದೆ, ಬರುತ್ತಿದೆ, ಅಥವಾ ಬರುವುದಿಲ್ಲ, ಅದು ಈಗ, ಈ ಉಸಿರಿನಲ್ಲಿಯೇ ಗೊತ್ತಾಗಬೇಕು. "ಬರ್ರಿ ಲೇ!" ಎಂದು ಒಡೆಲ್ ತನ್ನವರನ್ನು ಕರೆದ. "ಹಿಡೀರಿ! ಹಿಡೀರಿ!" ಯಾರೂ ಬರಲಿಲ್ಲ. ಅವನು ಮತ್ತೊಮ್ಮೆ ಕೂಗಿ ತಲೆ ಎತ್ತಿ ನೋಡಿದ. ಆರು ಜನ ನಿಂತಿದ್ದರು. ಒಬ್ಬ ಜೀಪು ನೋಡುತ್ತಿದ್ದ, ಒಬ್ಬ ತನ್ನ ಕಾಲು ನೋಡುತ್ತಿದ್ದ. ಎಲ್ಲರ ಕೈಯೂ ಬಗಲಲ್ಲಿತ್ತು. ಒಡೆಲ್ ನೋಡುತ್ತಲೇ ಇದ್ದ. ಇಷ್ಟು ದಿನದ ಗಾಳಿ, ಗೋದಲಿ, ಕಟ್ಟೆ, ಎಲ್ಲವೂ ಅವನ ಮುಖದ ಮೇಲೆ ಒಂದೊಂದಾಗಿ ಬಂದುಹೋದದ್ದನ್ನು ಗೊಲ್ಲಾಳಪ್ಪ ಕೆಳಗಿನಿಂದ ಕಂಡ. ಬೇಡ, ಅಂದುಕೊಂಡ. ಈಗ ಬೇಡ. ಒಡೆಲ್‌ನ ತೋಳುಗಳು ಸಡಿಲಾದವು. ಬೆರಳು ಒಂದೊಂದೇ ಬಿಚ್ಚಿಕೊಂಡವು.

ಕೇರಿಯವರೆಲ್ಲ ಎದ್ದು ನಿಂತು ಕೂಗುತ್ತಿದ್ದರು. "ಗೆರಿ ಮುಟ್ಟೋ ಗೊಲ್ಲಾಳಾ! ಮುಟ್ಟೋ!" ಕೈ ಚಾಚಿದರೆ ಸಾಕಿತ್ತು. ಎದೆಯಲ್ಲಿ ಇನ್ನೂ ಉಸಿರಿತ್ತು. ಗೊಲ್ಲಾಳಪ್ಪ ಕೈ ಚಾಚಲಿಲ್ಲ. ಎದ್ದು ಕೂತ. ಹುತುತು ನಿಲ್ಲಿಸಿದ.

"ಯಾಕ ಬಿಟ್ಟಿ?" ಎಂದು ಒಡೆಲ್‌ನನ್ನು ಕೇಳಿದ.

ಒಡೆಲ್ ಮೊಣಕಾಲೂರಿ ಏಳುತ್ತ ಇಂಗ್ಲಿಷಿನಲ್ಲಿ, "ಅವರು ನಿನ್ನನ್ನು ಮುಟ್ಟುವುದಿಲ್ಲ. ನೀನು ನನಗೆ ಹೇಳಲಿಲ್ಲ. ಇದು ನ್ಯಾಯವಲ್ಲ ಗೊಲ್ಲಾಳ, ನನಗೆ ಗೊತ್ತು, ನನಗೆ ಇದೆಲ್ಲ ಗೊತ್ತು" ಎಂದ. ಅವನ ಕಣ್ಣಲ್ಲಿ ನೀರಿತ್ತು.

"ಏನ ಗೊತ್ತೈತಿ ನಿನಗ?" ಗೊಲ್ಲಾಳಪ್ಪ ಊರಿಗೆಲ್ಲ ಕೇಳುವ ಹಾಗೆ ಕಿರುಚಿದ. "ನಿನ್ನ ಬಿಳ್ಯಾರು ಹಿಡದಿದ್ರು! ಎತ್ತಿ ಒಗದಿದ್ರು! ನಿನಗ ಗೊತ್ತಾಗೇತಿ. ನನಗ ಗೊತ್ತಾಗೂ ಯಾಳೇಕ್ಕ ಬಿಟ್ಯಲ್ಲಲೇ! ಕರುಣಾ ತೋರಸ್ತಿ ನನಗ? ನೀನೂ?"

ಆಮೇಲೆ ಅವನು ಗುರಣ್ಣನ ಕಡೆ ತಿರುಗಿದ. ಅವನ ಸರದಿ ಮುಗಿದಿತ್ತು, ಉಸಿರು ಹೋಗಿತ್ತು, ಅವನು ಸುಮ್ಮನೆ ನಡೆದ. ಎರಡೂ ಕೈ ಚಾಚಿಕೊಂಡು ನಡೆದ. "ಬಾ ಗುರಣ್ಣ. ನೀನರ ಹಿಡಿ. ಹಿಡದು ಕೆಡವು. ಎಲುಬು ಮುರಿ, ನಾ ಏನೂ ಅನ್ನೂದಿಲ್ಲ. ಒಮ್ಮೆ ಹಿಡಿ." ಗುರಣ್ಣ ಹಿಂದೆ ಸರಿದ. ಅವನ ಜೊತೆಗೆ ಉಳಿದವರೂ. ಗೊಲ್ಲಾಳಪ್ಪ ಒಂದು ಹೆಜ್ಜೆ ಇಟ್ಟರೆ ಅವರೆಲ್ಲ ಒಂದು ಹೆಜ್ಜೆ ಹಿಂದೆ. ಕೊನೆಯ ಸುಣ್ಣದ ಗೆರೆ ಅವರ ಹಿಮ್ಮಡಿಯ ಕೆಳಗೆ ಬಂತು, ಅದನ್ನೂ ದಾಟಿ ಹಿಂದೆ ಹೋದರು. ಗುರಣ್ಣನ ಮುಖ ಬೆವೆತಿತ್ತು. ಅವನು ಮಾಳಿಗೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಬರೀ ಗೊಲ್ಲಾಳಪ್ಪನಿಗೆ ಕೇಳಿಸುವಷ್ಟು ಸಣ್ಣ ದನಿಯಲ್ಲಿ, ಹೆಚ್ಚುಕಡಿಮೆ ಬೇಡಿಕೊಳ್ಳುವ ಹಾಗೆ ಹೇಳಿದ.

"ಅವ್ವ ನೋಡಾಕತ್ತಾಳಲೇ ಗೊಲ್ಲಾಳ."

ಸೀಟಿ ಕೇಳಿಸಿತು. ತೀರ್ಪು ಏನು ಮಾಸ್ತರ ಎಂದು ಅಧಿಕಾರಿಗಳು ಕುರ್ಚಿಯಿಂದಲೇ ಕೇಳಿದರು. ಅಬ್ದುಲಗನಿ ಗಂಟಲು ಸರಿಮಾಡಿಕೊಂಡರು. "ಗೊಲ್ಲಾಳಪ್ಪನ ಉಸಿರು ಹೋತ್ರೀ. ಔಟ್." ಊರಿನ ಕಡೆ ಒಂದು ಚಪ್ಪಾಳೆ ಬಿತ್ತು. ಮಾಸ್ತರು ಅದು ನಿಲ್ಲುವ ತನಕ ಕಾದರು. "ಈ ಆರೂ ಮಂದಿ ಗೆರಿ ದಾಟ್ಯಾರ. ಅವರೂ ಔಟ್ರೀ."

ಗೊಲ್ಲಾಳಪ್ಪ ಬೇವಿನ ಮರದ ಕೆಳಗೆ ಹೋಗಿ ಜಮಖಾನೆಯ ನಟ್ಟನಡುವೆ ಕೂತ. ಕಾಲು ಚಾಚಿದ. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ಆರು ಮಂದಿ ಔಟಾದವರು ಜಮಖಾನೆಯ ಅಂಚಿನವರೆಗೆ ಬಂದರು. ಅದನ್ನು ನೋಡಿದರು, ಅವನನ್ನು ನೋಡಿದರು, ಬಿಸಿಲಿನಲ್ಲೇ ನಿಂತರು. ಜೀಪಿನವರು ನೋಡುತ್ತಿದ್ದುದರಿಂದ ಮನೆಗೆ ಹೋಗುವ ಹಾಗೂ ಇರಲಿಲ್ಲ. ಗೊಲ್ಲಾಳಪ್ಪ ಅವರಿಗೆ ಜಾಗ ಮಾಡಿಕೊಡಲಿಲ್ಲ. ಅವನು ಹಿಡಿತದಿಂದ ಕಾಲು ಬಿಡಿಸಿಕೊಳ್ಳುತ್ತಿದ್ದನೋ ಇಲ್ಲವೋ, ಆ ಒಂದು ಮೊಳ ಅವನದಾಗುತ್ತಿತ್ತೋ ಇಲ್ಲವೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಒಡೆಲ್ ಕುಂಟುತ್ತ ಬಂದ. ಅವನ ಮಗ್ಗುಲಿಗೆ ಜಮಖಾನೆಯ ಮೇಲೆ ಕೂತುಕೊಳ್ಳಲು ಮೊಣಕಾಲು ಮಡಚಿದ.

"ಇಲ್ಲಿ ಕುಂದ್ರಬ್ಯಾಡ" ಎಂದ ಗೊಲ್ಲಾಳಪ್ಪ, ಅವನ ಕಡೆ ನೋಡದೆ. "ನೀ ಇನ್ನೂ ಔಟ್ ಆಗಿಲ್ಲ."

ಒಡೆಲ್ ಸ್ವಲ್ಪ ಹೊತ್ತು ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಆಮೇಲೆ ನೆಟ್ಟಗಾಗಿ, ತಿರುಗಿ ಹೋಗಿ, ಊರಿನವರು ಖಾಲಿ ಮಾಡಿದ ಆ ಅಂಗಳದಲ್ಲಿ ಒಬ್ಬನೇ ನಿಂತ.